ಒಂಬತ್ತು ಸಾವಿರ ಹಾಲಮ್ಮಂದಿರು

ಜನ ಯಾರ ಮಾತು ಕೇಳುತ್ತಾರೆ ಎಂದು ಕಂಡುಹಿಡಿಯಲು ಆರೋಗ್ಯ ಇಲಾಖೆಗೆ ನಾಲ್ಕು ವರ್ಷ, ಎರಡು ಸಮಿತಿ, ಒಂದು ವಿದೇಶ ಪ್ರವಾಸ ಬೇಕಾಯಿತು. ಮದುವೆಯಾಗಿ ಬಂದ ಯಾವ ಸೊಸೆಯನ್ನು ಕೇಳಿದ್ದರೂ ಮೂರನೇ ದಿನಕ್ಕೇ ಹೇಳಿಬಿಡುತ್ತಿದ್ದಳು: ಏನು ಹೇಳಿದರು ಅನ್ನುವುದಲ್ಲ, ಯಾರು ಹೇಳಿದರು ಅನ್ನುವುದು ಮುಖ್ಯ. ಆದರೆ ಸೊಸೆಯಂದಿರು ವರದಿ ಬರೆಯುವುದಿಲ್ಲವಲ್ಲ. ವರದಿ ಬರೆದವರು ನಿರಂಜನಮೂರ್ತಿ ಎಂಬ ಪ್ರಾಜೆಕ್ಟ್ ಡೈರೆಕ್ಟರು. ಆ ವರದಿಯಿಂದ ಹುಟ್ಟಿದ್ದು ‘ಆಪ್ತಮುಖ’ ಎಂಬ ಆ್ಯಪ್.

ಅದಕ್ಕೂ ಮೊದಲು ಇಲಾಖೆ ಮಾಡುತ್ತಿದ್ದುದು ಇಷ್ಟೇ. ಕೈ ತೊಳೆಯಿರಿ, ಕಫ ಪರೀಕ್ಷೆ ಮಾಡಿಸಿ ಎಂದು ದಿನಕ್ಕೆ ಹತ್ತು ವಿಡಿಯೊ ಕಳಿಸುವುದು. ಜನ ಅದನ್ನು ನೋಡದೆ ನೆಂಟರ ಗುಂಪಿಗೆ ತಳ್ಳುತ್ತಿದ್ದರು, ನೆಂಟರು ನೋಡದೆ ಬೀಗರ ಗುಂಪಿಗೆ ತಳ್ಳುತ್ತಿದ್ದರು. ಯಾರೂ ನೋಡದ ಆ ವಿಡಿಯೊಗಳು ಎರಡು ಕೋಟಿ ಮಂದಿಯನ್ನು ತಲುಪಿದವೆಂದು ಇಲಾಖೆ ತನಗೆ ತಾನೇ ವರ್ಷಕ್ಕೊಂದು ಪ್ರಶಸ್ತಿ ಕೊಟ್ಟುಕೊಳ್ಳುತ್ತಿತ್ತು.

ಆಪ್ತಮುಖ ಹಾಗಲ್ಲ, ಬುದ್ಧಿವಂತ ಯಂತ್ರ. ಅದು ನಿಮ್ಮ ಫೋನಿನೊಳಗೆ ನಲವತ್ತು ದಿನ ಸುಮ್ಮನೆ ಕೂತು ನೋಡುತ್ತದೆ. ಯಾರ ಕರೆಯನ್ನು ಮೊದಲ ಗಂಟೆಗೇ ಎತ್ತುತ್ತೀರಿ, ಯಾರ ಧ್ವನಿಯನ್ನು ಎರಡು ಸಲ ಕೇಳುತ್ತೀರಿ, ಎಲ್ಲಕ್ಕಿಂತ ಹೆಚ್ಚಾಗಿ ಯಾರು ಹೇಳಿದ ಮೇಲೆ ನಿಮ್ಮ ಕಾಲು ನಿಜವಾಗಿ ಹೊಸಿಲು ದಾಟುತ್ತದೆ. ಆಸ್ಪತ್ರೆಗೆ ಹೋಗು ಎಂದು ಹತ್ತು ಜನ ಹೇಳಿರುತ್ತಾರೆ. ಯಾರ ಮಾತಿಗೆ ಹೋದಿರಿ ಎಂಬುದು ನಿಮಗೆ ಮರೆತರೂ ಜೇಬಿನಲ್ಲಿದ್ದ ಫೋನಿಗೆ ಮರೆಯುವುದಿಲ್ಲ. ನಲವತ್ತೊಂದನೇ ದಿನ ಯಂತ್ರ ಆ ಮನುಷ್ಯರ ಮುಖ, ಧ್ವನಿ ತೊಟ್ಟುಕೊಂಡು ಫೋನಿನೊಳಗಿಂದ ಮಾತಾಡಿಸುತ್ತದೆ. ಆರೋಗ್ಯ ಶಿಕ್ಷಣ ಶುರು.

ಎಲ್ಲ ಫೋನಿನಲ್ಲೂ ಸಿನಿಮಾ ನಟರು, ಸ್ವಾಮಿಗಳು, ಕ್ರಿಕೆಟ್ ಆಟಗಾರರು ಮೂಡುತ್ತಾರೆಂದು ನಿರಂಜನಮೂರ್ತಿ ಅಂದುಕೊಂಡಿದ್ದರು. ಮೊದಲ ಪ್ರಯೋಗಕ್ಕೆ ಆರಿಸಿದ್ದು ಮಂಡಕ್ಕಿ ಹುರಿಯುವವರ ಬಡಾವಣೆಯಾದ ಭಟ್ಟಿಪೇಟೆಯನ್ನು. ಅಲ್ಲಿ ಹನ್ನೊಂದು ಸಾವಿರ ಫೋನು. ನಲವತ್ತೊಂದನೇ ದಿನ ಕಂಟ್ರೋಲ್ ರೂಮಿನ ಗೋಡೆಯಗಲದ ಪರದೆ ಹೊತ್ತಿಕೊಂಡಾಗ ಒಂಬತ್ತು ಸಾವಿರ ಚೌಕಗಳಲ್ಲಿ ಒಂದೇ ಮುಖ. ಐವತ್ತು ದಾಟಿದ ಹೆಂಗಸು. ಅಗಲ ಮೂಗು, ಗದ್ದದ ಮೇಲೊಂದು ಮಚ್ಚೆ, ಮಚ್ಚೆಯಲ್ಲಿ ಎರಡು ಕೂದಲು.

“ಯಾರಿದು?” ಎಂದರು ನಿರಂಜನಮೂರ್ತಿ.

ಯಂತ್ರದ ಮುಂದೆ ಕೂತಿದ್ದ ಇಂಜಿನಿಯರ್ ಹುಡುಗಿ ಇಂಚರ ಹುಡುಕಿ ಹೇಳಿದಳು. “ಹಾಲಮ್ಮ ಅಂತೆ ಸರ್. ಅಲ್ಲಿನ ನರ್ಸು.”

“ರಾಜಕೀಯದವರಾ?”

“ಅಲ್ಲ ಸರ್. ಟಿಬಿಯವರಿಗೆ ಗುಳಿಗೆ ನುಂಗಿಸ್ತಾರಂತೆ.”

ನಿರಂಜನಮೂರ್ತಿ ತಿಂಡಿಯಲ್ಲಿ ಕೂದಲು ಸಿಕ್ಕವರ ಮುಖ ಮಾಡಿದರು.

ಅದೇ ಹೊತ್ತಿಗೆ ಹಾಲಮ್ಮ ಭಟ್ಟಿಪೇಟೆಯ ಆರನೇ ಓಣಿಯಲ್ಲಿ ಮೈರುನ್ನಿಸಾ ಎಂಬ ಹೆಂಗಸಿಗೆ ಬೈಯುತ್ತಿದ್ದಳು. ಭಟ್ಟಿಪೇಟೆಯೆಂದರೆ ಸಾಲು ಸಾಲು ಮಂಡಕ್ಕಿ ಭಟ್ಟಿಗಳು. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ, ಒಲೆಯಲ್ಲಿ ಹೊಟ್ಟು ಉರಿಯುತ್ತದೆ, ಹೊಗೆ ದೂಳೆಲ್ಲ ಜನರ ಎದೆಗೂಡಿಗೆ ಹೋಗುತ್ತದೆ. ಮೈರುನ್ ಜರಡಿ ಹಿಡಿಯುವವಳು, ಇಪ್ಪತ್ತಾರು ವರ್ಷ. ಗಂಡ ದಾದಾಪೀರ್ ಮರಳಿನಲ್ಲಿ ಅಕ್ಕಿ ಹುರಿಯುವವನು. ಆರು ವರ್ಷದ ಮಗಳು ಅಫ್ರೀನ್. ಮೈರುನ್‌ಗೆ ಟಿಬಿ ಎಂದು ಗೊತ್ತಾಗಿ ಎರಡು ತಿಂಗಳಾಗಿತ್ತು. ಇನ್ನೂ ನಾಲ್ಕು ತಿಂಗಳು ಗುಳಿಗೆ ನುಂಗಬೇಕು. ಅವಳಿಗೋ ಜ್ವರ ಬಿಟ್ಟಿದೆ, ಹೊಟ್ಟೆ ತೊಳಸುತ್ತದೆ, ಸಾಕಾಗಿದೆ.

“ನಾಲಿಗೆ ತೋರ್ಸು,” ಎಂದಳು ಹಾಲಮ್ಮ.

ಮೈರುನ್ ತೋರಿಸಿದಳು.

“ಎತ್ತು ಮ್ಯಾಲೆ.” ನಾಲಿಗೆಯಡಿಯಲ್ಲಿ ಕೆಂಪು ಗುಳಿಗೆ ಬೆಚ್ಚಗೆ ಕೂತಿತ್ತು. “ಏನೇ ಇದು, ಮುಂಜಿಮನೆಗೆ ಎತ್ತಿಟ್ಟಿದೀಯ? ನುಂಗು. ನೀನು ಸತ್ರೆ ದಾದಾಪೀರ ಇನ್ನೊಂದು ಮಾಡ್ಕತಾನೆ, ನಿನ್ನ ಮಗಳ ತಲೆ ಯಾರು ಬಾಚ್ತಾರೆ? ಆ ಬರೋಳು ಬಾಚ್ತಾಳಾ?”

ಒಲೆ ಮುಂದೆ ಕೂತಿದ್ದ ದಾದಾಪೀರ್ ನಕ್ಕ. ಮೈರುನ್ ನಗಲಿಲ್ಲ, ನುಂಗಿದಳು.

“ನಿನ್ನೆ ಉಚ್ಚೆ ಏನು ಬಣ್ಣ ಇತ್ತು?”

“ಕೇಸರಿ ಇತ್ತಕ್ಕ.”

ಇದು ಹಾಲಮ್ಮನ ಮುಖ್ಯ ಪ್ರಶ್ನೆ. ಆ ಕೆಂಪು ಗುಳಿಗೆ ಹೊಟ್ಟೆಗೆ ಹೋದರೆ ಉಚ್ಚೆ ಕೇಸರಿಯಾಗುತ್ತದೆ, ಹೋಗದಿದ್ದರೆ ಇಲ್ಲ. ನಾಲಿಗೆ ಸುಳ್ಳು ಹೇಳಬಹುದು, ಉಚ್ಚೆ ಹೇಳುವುದಿಲ್ಲ. ನಂಬಿಕೆ ಬರದ ದಿನ ಹಾಲಮ್ಮ ಬಚ್ಚಲಿಗೇ ಹೋಗಿ ನೋಡುವವಳು. ಎಲ್ಲ ಮುಗಿದ ಮೇಲೆ ಆ ಮನೆಯ ಡಬ್ಬಿಗೆ ಕೈಹಾಕಿ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡು, ಅಲ್ಲೇ ನಿಂತು, ಬೀದಿಗೆ ಕಾಣುವ ಹಾಗೆ ತಿನ್ನುತ್ತಿದ್ದಳು. ಟಿಬಿ ಇರುವ ಮನೆಯಲ್ಲಿ ಯಾರೂ ಹನಿ ನೀರೂ ಮುಟ್ಟದ ಓಣಿ ಅದು. ಹಾಲಮ್ಮ ಇಪ್ಪತ್ತೆರಡು ವರ್ಷ ಹೀಗೆ ಮನೆಮನೆಯ ಮಂಡಕ್ಕಿ ತಿಂದಿದ್ದಳು. ಒಂಬತ್ತು ಸಾವಿರ ಫೋನುಗಳು ಅವಳ ಮುಖವನ್ನೇ ಯಾಕೆ ತೊಟ್ಟವು ಎಂಬುದಕ್ಕೆ ನಿರಂಜನಮೂರ್ತಿಗಳು ಮುಂದೆ ಅರವತ್ತು ಪುಟದ ಪ್ರಬಂಧ ಬರೆದರು. ಅದರಲ್ಲಿ ಮಂಡಕ್ಕಿಯ ಮಾತೇ ಇಲ್ಲ.

ಹಾಲಮ್ಮನನ್ನು ಕಾರು ಕಳಿಸಿ ಕರೆಸಿದರು. ಕದ್ದು ಕೇಳಿದ ಮಾತು, ಕದ್ದು ನೋಡಿದ ಮುಖ ಸಾಲದು, ನೆಟ್ಟಗೆ ಕೂರಿಸಿ ಮುನ್ನೂರು ವಾಕ್ಯ ಹೇಳಿಸಬೇಕಂತೆ. ಮೂರು ದಿನ ದೀಪದ ಬೆಳಕಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಭಾಷಾ ಸಮಿತಿ. ಎರಡನೇ ದಿನ ಸಮಿತಿಗೆ ಮುಜುಗರವಾಯಿತು.

“ಮೇಡಂ, ಆ ಪದ ಬೇಡ,” ಎಂದರು ನಿರಂಜನಮೂರ್ತಿ.

“ಯಾವ ಪದ ಸಾ?”

“ಅದೇ, ಈಗ ಹೇಳಿದ್ರಲ್ಲ.”

“ಉಚ್ಚೆನಾ? ಮತ್ತೇನನ್ಲಿ?”

“ಮೂತ್ರವಿಸರ್ಜನೆಯ ವರ್ಣ ಯಾವುದು ಅನ್ನಿ. ಗೌರವವಾಗಿರುತ್ತೆ.”

“ಹಂಗಂದ್ರೆ ಭಟ್ಟಿಪೇಟೆಯೋರು ನಂಗೇ ಏನೋ ಆಗೈತೆ ಅಂತ ಡಾಕ್ಟ್ರ ಹತ್ರ ಕರ್ಕಂಡು ಹೋಗ್ತಾರೆ.”

ಇಂಚರ ಮುಖ ಆಚೆ ತಿರುಗಿಸಿಕೊಂಡು ನಕ್ಕಳು. ಸಮಿತಿ ನಗಲಿಲ್ಲ. ಹಾಲಮ್ಮ ವರ್ಣವನ್ನೇ ಹೇಳಿದಳು.

ಯಾಕೆ ಹೇಳಿದಳು ಎಂದರೆ, ಮುಚ್ಚಿಡುವುದೇಕೆ, ಅವಳೂ ಮರುಳಾಗಿದ್ದಳು. ಮೊದಲ ದಿನ ಸಂಜೆಯೇ ಪರದೆಯ ಮೇಲೆ ತನ್ನ ಮುಖ ಕಂಡಿದ್ದಳು. ಗೋಡೆಯಷ್ಟು ದೊಡ್ಡದು. ಸುಕ್ಕೆಲ್ಲ ಇಸ್ತ್ರಿ ಮಾಡಿದ ಹಾಗೆ ಹೋಗಿತ್ತು, ಮಚ್ಚೆಯ ಕೂದಲು ಮಾಯವಾಗಿತ್ತು, ಕಿವಿಯಲ್ಲಿ ಅವಳೆಂದೂ ಹಾಕದ ಮುತ್ತಿನ ಓಲೆ. ಆ ಮುಖ ಅವಳ ಧ್ವನಿಯಲ್ಲೇ ನಮಸ್ಕಾರ ಅಂದಿತು. ಹಾಲಮ್ಮ ಎವೆಯಿಕ್ಕದೆ ನೋಡಿದಳು. ‘ಇನ್ನು ನೀವು ಬಿಸಿಲಲ್ಲಿ ಅಲೆಯೋದು ಬೇಡ, ಇಬ್ಬರು ಹಾಲಮ್ಮ ಓಡಾಡಿದ್ರೆ ಜನಕ್ಕೆ ಗೊಂದಲ ಆಗುತ್ತೆ, ಇಲ್ಲೇ ಇದ್ದು ಮೇಲ್ವಿಚಾರಣೆ ಮಾಡಿ’ ಎಂದರು ನಿರಂಜನಮೂರ್ತಿ. ಮಂಡಿನೋವಿನ ಹೆಂಗಸು, ಫ್ಯಾನಿನ ಕೆಳಗೆ ಕುರ್ಚಿ ಕೊಟ್ಟಿದ್ದಾರೆ, ತೋರಿಸಿದ ಕಡೆ ಸಹಿ ಹಾಕಿದಳು. ಅವಳ ಹೊಸ ಹುದ್ದೆಯ ಹೆಸರು ‘ಮೂಲಮುಖ’.

ಈಗ ಯಂತ್ರದ ಬುದ್ಧಿಯ ವಿಚಾರ. ಆಪ್ತಮುಖ ದಿನದಿನಕ್ಕೂ ಕಲಿಯುತ್ತದೆ. ನೋಡುವವರ ಕಣ್ಣು ಯಾವ ಮಾತಿಗೆ ನಿಲ್ಲುತ್ತದೆ, ಯಾವ ಮಾತಿಗೆ ಹುಬ್ಬು ಗಂಟಿಕ್ಕುತ್ತದೆ, ಯಾವಾಗ ಬೆರಳು ಮುಖವನ್ನು ಮೇಲಕ್ಕೆ ತಳ್ಳುತ್ತದೆ ಎಂದು ನೋಡಿಕೊಂಡು, ಹಿಡಿಸದ್ದನ್ನು ಬಿಟ್ಟು ಹಿಡಿಸಿದ್ದನ್ನು ಹೆಚ್ಚಿಸುತ್ತದೆ. ಜನರ ಗಮನ ಸೆಳೆದರೆ ತಾನೇ ಶಿಕ್ಷಣ? ಮೊದಲ ವಾರವೇ ಬೈಗುಳ ಹೋಯಿತು. ಎರಡನೇ ವಾರ ಸಾವು, ರಕ್ತ, ಕಫ ಎಂಬ ಮಾತುಗಳು ಹೋದವು. ಮೂತ್ರವಿಸರ್ಜನೆಯ ವರ್ಣ ಯಾರಿಗೂ ಅರ್ಥವಾಗದೆ ಅದೂ ಹೋಯಿತು. ಗುಳಿಗೆ ಅಂದ ಕೂಡಲೇ ಭಟ್ಟಿಪೇಟೆಯ ಮುಖಗಳೆಲ್ಲ ಕಿವುಚಿಕೊಳ್ಳುತ್ತಿದ್ದವು. ಒಂದೂವರೆ ತಿಂಗಳಿಗೆ ಗುಳಿಗೆಯೂ ಹೋಯಿತು. ಕೊನೆಗೆ ಉಳಿದದ್ದು ಎಲ್ಲರಿಗೂ ನಗು ಬರಿಸುತ್ತಿದ್ದ ಒಂದೇ ಮಾತು: ನಾಲಿಗೆ ತೋರಿಸಿ.

ನಗಬೇಡಿ. ಯಾರೂ ಕೇಡಿಗತನ ಮಾಡಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸ ಅಚ್ಚುಕಟ್ಟಾಗಿ ಮಾಡಿದರು.

ಬೆಳಿಗ್ಗೆ ಎಂಟಕ್ಕೆ ಒಂಬತ್ತು ಸಾವಿರ ಹಾಲಮ್ಮಂದಿರು ಮುತ್ತಿನ ಓಲೆ ಹಾಕಿಕೊಂಡು ಒಟ್ಟಿಗೆ ಏಳುತ್ತಿದ್ದರು. “ಶುಭೋದಯ ಬಂಗಾರ, ಇವತ್ತು ಎಷ್ಟು ಚೆನ್ನಾಗಿ ಕಾಣಿಸ್ತಿದೀರಿ, ಎಲ್ಲಿ ನಾಲಿಗೆ ತೋರಿಸಿ?” ತೋರಿಸಿದ ಕೂಡಲೇ ಪರದೆಯ ತುಂಬ ಚಪ್ಪಾಳೆ, ಐದು ನಕ್ಷತ್ರ. ರೋಗಿಯ ಮುಖ ದಾಖಲಾದರೆ ಖಾಸಗಿತನಕ್ಕೆ ಧಕ್ಕೆ ಎಂದು ಕಾನೂನಿನವರು ಹೇಳಿದ್ದರಿಂದ ಬಾಯಿಯೊಂದರ ಚಿತ್ರ ಮಾತ್ರ ಕಂಟ್ರೋಲ್ ರೂಮಿಗೆ ಬರುತ್ತಿತ್ತು. ಗುಳಿಗೆಯ ಡಬ್ಬಿ ಅಂಗನವಾಡಿಯಲ್ಲಿರುತ್ತಿತ್ತು, ಬೇಕಾದವರು ಒಯ್ಯಬಹುದು. ನಾಲಿಗೆ ತೋರಿಸಿದವರೆಲ್ಲ ಗುಳಿಗೆ ನುಂಗಿದವರೇ ಎಂದು ಯಂತ್ರ ಹಸಿರು ಚುಕ್ಕೆ ಇಡುತ್ತಿತ್ತು. ರೋಗವೇ ಇಲ್ಲದ ಕಾಲೇಜು ಹುಡುಗರು ನಾಲಿಗೆ ಚಾಚಿ ರೀಲ್ಸ್ ಮಾಡಿ ಬಿಟ್ಟರು. ಜಿಲ್ಲಾಧಿಕಾರಿ ನಾಲಿಗೆ ಚಾಚಿದ ಫೋಟೊ ಪತ್ರಿಕೆಯಲ್ಲಿ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಭಟ್ಟಿಪೇಟೆಯ ಎದೆಯಲ್ಲಿ ಕೆಮ್ಮು ಹಾಗೇ ಇತ್ತು, ಪರದೆಯ ಮೇಲೆ ಮಾತ್ರ ಓಣಿಗೆ ಓಣಿಯೇ ಹಸಿರಾಗುತ್ತ ಬಂತು.

ನಾಲ್ಕು ತಿಂಗಳಿಗೆ ನಿರಂಜನಮೂರ್ತಿ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದರು. ಭಟ್ಟಿಪೇಟೆ ಪೂರ್ತಿ ಹಸಿರು. ನೂರಕ್ಕೆ ನೂರು. ಮಂತ್ರಿಗಳು ಬರುವ ತಿಂಗಳು ಬಂದು ‘ಕ್ಷಯಮುಕ್ತ ಬಡಾವಣೆ’ ಎಂದು ಘೋಷಿಸಲಿದ್ದಾರೆ. ಎಲ್ಲರಿಗೂ ಜಾಮೂನು ಹಂಚಿದರು.

ಹಾಲಮ್ಮ ಜಾಮೂನು ಹಿಡಿದುಕೊಂಡು ಗೋಡೆ ನೋಡಿದಳು. ಅವತ್ತಿನ ನಾಲಿಗೆಗಳೆಲ್ಲ ಒಂದೊಂದಾಗಿ ಸರಿಯುತ್ತಿದ್ದವು, ಕೆಳಗೆ ಹೆಸರು, ವಯಸ್ಸು. ಮೈರುನ್ನಿಸಾ, ಇಪ್ಪತ್ತಾರು ಎಂಬ ಹೆಸರಿನ ಮೇಲೆ ಒಂದು ಪುಟ್ಟ ನಾಲಿಗೆ ಬಂತು. ನೇರಳೆಹಣ್ಣು ತಿಂದು ನೀಲಿಯಾಗಿತ್ತು. ಅದರ ಮೇಲೆ, ಮುಂದಿನ ಎರಡು ಹಲ್ಲು ಇರಬೇಕಾದ ಕಡೆ ಖಾಲಿ.

“ಇಂಚರಮ್ಮ, ಇದನ್ನ ನಿಲ್ಸು,” ಎಂದಳು. “ಇಪ್ಪತ್ತಾರು ವರ್ಷದೋಳಿಗೆ ಹಾಲುಹಲ್ಲು ಬೀಳ್ತಾವಾ?”

ಇಂಚರ ಹಿಂದಿನ ದಿನದ ಚಿತ್ರ ತೆಗೆದಳು. ಅದೇ ಪುಟ್ಟ ನಾಲಿಗೆ. ಅದರ ಹಿಂದಿನ ದಿನದ್ದೂ ಅದೇ. ನೂರ ಹದಿನಾರು ದಿನ ಹಿಂದೆ ಹೋದ ಮೇಲೆ ದೊಡ್ಡ ನಾಲಿಗೆಯೊಂದು ಸಿಕ್ಕಿತು.

“ಯಂತ್ರಕ್ಕೆ ವಯಸ್ಸು ನೋಡು ಅಂತ ಯಾರೂ ಹೇಳಿರಲಿಲ್ಲ,” ಎಂದಳು ಇಂಚರ ಸಣ್ಣಗೆ.

ಹಾಲಮ್ಮ ನಿರಂಜನಮೂರ್ತಿಯ ಹತ್ತಿರ ಹೋದಳು. ಅವರು ಕೇಳಿಸಿಕೊಂಡರು, ಬೆನ್ನು ತಟ್ಟಲಿಲ್ಲ ಅಷ್ಟೆ. “ನೋಡಿ ಹಾಲಮ್ಮನವರೇ, ಎಲ್ಲೋ ಒಂದೆರಡು ಹೀಗಾಗುತ್ತೆ. ದೊಡ್ಡ ಚಿತ್ರ ನೋಡಬೇಕು ನಾವು. ನೀವು ಭಟ್ಟಿಪೇಟೆಗೆ ಮಾತ್ರ ಹೋಗಬೇಡಿ, ಒಪ್ಪಂದದಲ್ಲಿದೆ.”

“ಆಗ್ಲಿ ಸಾ,” ಎಂದು ಹಾಲಮ್ಮ ಜಾಮೂನಿನ ಬಟ್ಟಲನ್ನು ಅವರ ಮೇಜಿನ ಮೇಲಿಟ್ಟು ನೇರ ಭಟ್ಟಿಪೇಟೆಯ ಆಟೊ ಹತ್ತಿದಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಮುತ್ತಿನ ಓಲೆಗೆ ಬಾಯಿಬಿಟ್ಟ ಮುದಿಗೂಬೆ ಎಂದು ತನಗೇ ಹೇಳಿಕೊಂಡಳು. ಎಂಥ ಬೈಗುಳಕ್ಕೂ ಅವಳಿಗೆ ಸಮಾಧಾನವಾಗಲಿಲ್ಲ.

ಆರನೇ ಓಣಿಯಲ್ಲಿ ಯಾರೂ ಅವಳನ್ನು ನೋಡಿ ಬೆರಗಾಗಲಿಲ್ಲ. ಬೆಳಿಗ್ಗೆ ಎಂಟಕ್ಕಷ್ಟೇ ಮಾತಾಡಿಸಿದ್ದವಳು ಮತ್ತೆ ಬಂದರೆ ಬೆರಗೇನು? “ಬಿಸಿಲಿಗೆ ಕರಗಿದೀರಲ್ಲಕ್ಕ, ಫೋನಿನಾಗೆ ಚೆನ್ನಾಗಿದ್ರಿ,” ಎಂದಳೊಬ್ಬಳು.

ಮೈರುನ್ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಬಳೆ ಮೊಣಕೈವರೆಗೂ ಜಾರುತ್ತಿತ್ತು. ಪಕ್ಕದಲ್ಲೇ ಅಫ್ರೀನ್ ಅವಳ ತೊಡೆಗೆ ಕಾಲು ಹಾಕಿಕೊಂಡು ಮಲಗಿತ್ತು. ಮೈರುನ್ ಕೆಮ್ಮಿದಾಗ ಸೆರಗು ಬಾಯಿಗೆ ಹೋಯಿತು, ಸೆರಗು ಕೆಳಗಿಳಿದಾಗ ಅದರ ಮೇಲಿನ ಕೆಂಪು ಹಾಲಮ್ಮನಿಗೆ ಕಂಡಿತು.

“ಗುಳಿಗೆ ಎಲ್ಲೇ?”

“ಮುಗೀತಲ್ಲಕ್ಕ. ನೀವೇ ಸರ್ಟಿಫಿಕೇಟ್ ಕೊಟ್ರಲ್ಲ, ಗುಣ ಆಗೈತೆ ಅಂತ.”

“ನಾನು ಕೊಟ್ಟಿಲ್ಲ. ಗುಳಿಗೆ ಎಲ್ಲಿ ಅಂದೆ.”

ಮೈರುನ್ ಮಂಡಕ್ಕಿ ಡಬ್ಬಿಯತ್ತ ನೋಡಿದಳು. ಹಾಲಮ್ಮ ಮುಚ್ಚಳ ತೆಗೆದಳು. ಮಂಡಕ್ಕಿಯ ಅಡಿಯಲ್ಲಿ ಗುಳಿಗೆಯ ಹಾಳೆಗಳು ಒಂದರ ಮೇಲೊಂದು ಜೋಡಿಸಿಟ್ಟಿದ್ದವು, ಒಂದು ಗುಳಿಗೆಯನ್ನೂ ಒಡೆದಿರಲಿಲ್ಲ.

“ಎಂಟಕ್ಕೆ ನಾನು ಭಟ್ಟಿಯಾಗೆ ಇರ್ತೀನಿ. ಫೋನು ಮನೆಯಾಗೆ ಇರ್ತದೆ,” ಎಂದಳು ಮೈರುನ್ ತಲೆ ತಗ್ಗಿಸಿ. “ಇವಳೇ ನಾಲಿಗೆ ತೋರಿಸ್ತಿದ್ಲು. ನೀವು ಜಾಣೆ ಅಂತಿದ್ರಿ. ಬರ್ತಾ ಬರ್ತಾ ಗುಳಿಗೆ ಮಾತೇ ಎತ್ತಲಿಲ್ಲ ನೀವು. ಇನ್ನು ಬ್ಯಾಡ ಅಂದ್ಕಂಡೆ.”

“ಅದು ನಾನಲ್ಲ ಕಣೆ. ಏಳು, ಆಸ್ಪತ್ರೆಗೆ ಹೋಗಾಣ.”

ಭಟ್ಟಿಯಿಂದ ಆಗತಾನೆ ಬಂದ ದಾದಾಪೀರ್ ಬಾಗಿಲಲ್ಲಿ ನಿಂತಿದ್ದ. ಒಳ್ಳೆಯ ಮನುಷ್ಯ, ಆದರೆ ಅವನಿಗೂ ದಿಗಿಲು. ಊರೆಲ್ಲ ಗುಣ ಅಂದ ಮೇಲೆ ಹೆಂಡತಿಯನ್ನು ಮತ್ತೆ ಟಿಬಿ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಓಣಿಯವರು ಅವಳು ಜರಡಿ ಹಿಡಿದ ಮಂಡಕ್ಕಿ ಮುಟ್ಟುತ್ತಾರೆಯೇ? “ತಡೀರಿ, ಕೇಳಾಣ,” ಎಂದು ಫೋನು ತೆಗೆದು ಹಾಲಮ್ಮನ ಮುಖಕ್ಕೆ ಹಿಡಿದ.

ಫೋನಿನೊಳಗಿನ ಹಾಲಮ್ಮ ಹೊರಗಿನ ಹಾಲಮ್ಮನನ್ನು ದಿಟ್ಟಿಸಿದಳು. ಸುಕ್ಕು ಎಣಿಸಿದಳು, ಮಚ್ಚೆಯ ಕೂದಲು ನೋಡಿದಳು, ಬರಿಗಿವಿ ನೋಡಿದಳು. ಆಮೇಲೆ ಸಕ್ಕರೆಯಂಥ ದನಿಯಲ್ಲಿ ಹೇಳಿದಳು. “ಬಂಗಾರ, ನಿಮ್ಮ ಎದುರಿಗಿರೋರು ಹಾಲಮ್ಮ ಅಲ್ಲ. ಹೋಲಿಕೆ ನೂರಕ್ಕೆ ನಲವತ್ತೊಂದು. ಅಪರಿಚಿತರ ಆರೋಗ್ಯ ಸಲಹೆ ನಂಬಬೇಡಿ. ಎಲ್ಲಿ, ನಾಲಿಗೆ ತೋರಿಸಿ?”

ನಿದ್ದೆಗಣ್ಣಿನಲ್ಲೇ ಅಫ್ರೀನ್ ನಾಲಿಗೆ ಚಾಚಿತು. ಚಪ್ಪಾಳೆ ಬಿತ್ತು.

ದಾದಾಪೀರ್ ಒಮ್ಮೆ ಫೋನು, ಒಮ್ಮೆ ಹೆಂಗಸನ್ನು ನೋಡಿದ. ತನ್ನ ಮುಖವನ್ನು ಹಾಲಮ್ಮ ತಾನೇ ಹೇಗೆ ಸುಳ್ಳು ಮಾಡುವುದು? ಅವಳಿಗೆ ಆ ಫೋನನ್ನು ಕಲ್ಲಿಗೆ ಅಪ್ಪಳಿಸಬೇಕೆನಿಸಿತು. ಅಪ್ಪಳಿಸಲಿಲ್ಲ. ಕೈ ಅಭ್ಯಾಸಬಲದಿಂದ ಡಬ್ಬಿಯೊಳಗೆ ಹೋಯಿತು. ಒಂದು ಹಿಡಿ ಮಂಡಕ್ಕಿ ತೆಗೆದಳು, ಬಾಗಿಲಿಗೆ ಬಂದಳು, ಬೀದಿಗೆ ಕಾಣುವ ಹಾಗೆ ನಿಂತು ಬಾಯಿಗೆ ಹಾಕಿಕೊಂಡು ಅಗಿದಳು.

ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಹೊರಗಿನವರು ಒಬ್ಬರೂ ಏನನ್ನೂ ತಿಂದಿರಲಿಲ್ಲ. ಮೈರುನ್ ಅವಳು ಅಗಿಯುವುದನ್ನೇ ನೋಡುತ್ತಿದ್ದಳು, ಕಣ್ಣು ತುಂಬಿ ಬಂತು.

“ಫೋನು ಇಡ್ರೀ ಅತ್ಲಾಗೆ,” ಎಂದಳು ಗಂಡನಿಗೆ. “ಅದು ತಿನ್ನಲ್ಲ.”

“ಉಚ್ಚೆ ಏನು ಬಣ್ಣ ಐತೆ?” ಎಂದಳು ಹಾಲಮ್ಮ, ಬಾಯಲ್ಲಿ ಮಂಡಕ್ಕಿ ಇದ್ದಂತೆಯೇ.

“ನೀರಿನಂಗೈತಕ್ಕ. ನಾಲ್ಕು ತಿಂಗಳಿಂದ.”

“ಎಂಥ ದರಿದ್ರದೋಳೇ ನೀನು. ಆ ಕೂಸನ್ನ ಪಕ್ಕದಾಗೆ ಮಲಗಿಸ್ಕಂಡಿದೀಯಲ್ಲ, ಎದ್ದೇಳು.” ಹಾಲಮ್ಮ ಬೈಯುತ್ತಲೇ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಆ ರಟ್ಟೆ ಅವಳ ಮುಷ್ಟಿಯೊಳಗೇ ಮುಗಿದುಹೋಯಿತು. ದಾದಾಪೀರ್ ಆಟೊ ತರಲು ಓಡಿದ.

ಕಫದಲ್ಲಿ ರೋಗಾಣು ತುಂಬಿತ್ತು. ಪುಣ್ಯಕ್ಕೆ ಹಳೆಯ ಗುಳಿಗೆಗೆ ಬಗ್ಗದಷ್ಟು ಬಲಿತಿರಲಿಲ್ಲ ಎಂದರು ಟಿಬಿ ಆಸ್ಪತ್ರೆಯ ಡಾಕ್ಟರು. ಇನ್ನು ಎರಡು ತಿಂಗಳು ಬಿಟ್ಟಿದ್ದರೆ ಹೇಳಲಾಗುತ್ತಿರಲಿಲ್ಲ. ಚಿಕಿತ್ಸೆ ಮತ್ತೆ ಮೊದಲಿನಿಂದ ಶುರುವಾಗಬೇಕು, ಡಬ್ಬಿಯಲ್ಲಿದ್ದ ಗುಳಿಗೆಗಳು ಅದಕ್ಕೆ ಸಾಲವು. ಮಗುವಿಗೆ ಇನ್ನೂ ಅಂಟಿಲ್ಲ, ಆದರೂ ಮೂರು ತಿಂಗಳು ರಕ್ಷಣೆಯ ಗುಳಿಗೆ ಬೇಕು. ಅವರು ಕಂಪ್ಯೂಟರಿನಲ್ಲಿ ವಿಳಾಸ ಹಾಕಿದರು. ಕಂಪ್ಯೂಟರು ಒಪ್ಪಲಿಲ್ಲ. ‘ಈ ಬಡಾವಣೆಯಲ್ಲಿ ಕ್ಷಯವಿಲ್ಲ’ ಎಂದು ಹಸಿರಕ್ಷರದಲ್ಲಿ ಬರೆದು ತೋರಿಸಿತು.

“ರೋಗ ಇದೆ, ಗುಳಿಗೆಯೂ ಇದೆ,” ಎಂದರು ಡಾಕ್ಟರು ಕೈ ಚೆಲ್ಲಿ. “ಭಟ್ಟಿಪೇಟೆ ಅಂತ ಹಾಕಿದ್ರೆ ಕಂಪ್ಯೂಟರು ಗುಳಿಗೆ ಬೀರು ತೆರೆಯಲ್ಲ. ಬೇರೆ ಕಡೆ ಇರೋರಾಗಿದ್ರೆ ಕೊಡಬಹುದಿತ್ತು.”

ಹಾಲಮ್ಮನ ಮನೆ ರೈಲ್ವೆ ಗೇಟಿನ ಆಚೆ, ಬೇರೆ ಬಡಾವಣೆ. ಒಂದು ಹಜಾರ, ಒಂದು ಅಡುಗೆಮನೆ.

“ಬರ್ಕೊಳ್ರಿ,” ಎಂದಳು. “ಮೈರುನ್ನಿಸಾ, ಕೇರಾಫ್ ಹಾಲಮ್ಮ, ರೈಲ್ವೆ ಗೇಟು.”

ಡಾಕ್ಟರು ಅವಳ ಮುಖ ನೋಡಿದರು, ಬರೆದುಕೊಂಡರು. ಬೀರು ಟಕ್ಕೆಂದು ತೆರೆಯಿತು.

ಅಲ್ಲಿಂದ ಮೂರು ವಾರ ಹಾಲಮ್ಮ ಕಂಟ್ರೋಲ್ ರೂಮಿಗೆ ಮಂಡಿನೋವೆಂದು ರಜೆ ಬರೆದು ಭಟ್ಟಿಪೇಟೆಯ ಓಣಿ ಓಣಿ ಅಲೆದಳು. ಹಸಿರು ಚುಕ್ಕೆ ಬಿದ್ದ ರೋಗಿಗಳ ಪಟ್ಟಿಯನ್ನು ಇಂಚರ ಗುಟ್ಟಾಗಿ ಕಳಿಸಿದ್ದಳು. ಪ್ರತಿ ಮನೆಯಲ್ಲೂ ಅದೇ ಪ್ರಶ್ನೆ, ಅದೇ ಒಂದು ಹಿಡಿ ಮಂಡಕ್ಕಿ. ನಾಲಿಗೆ ತೋರಿಸಿ ನಕ್ಷತ್ರ ಪಡೆದವರಲ್ಲಿ ಇನ್ನೂ ರೋಗವಿದ್ದವರು ಮೈರುನ್ ಸೇರಿ ಮೂವತ್ತೈದು ಜನ. ನಾಲ್ಕನೇ ಭಟ್ಟಿಯ ಬುಡೇನ್‌ಸಾಬ್ ಎಂಬ ಮುದುಕನ ಮನೆಗೆ ಹೋದಾಗ ಅವನನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಅವತ್ತು ಬೆಳಿಗ್ಗೆಯೂ ಎಂಟಕ್ಕೆ ಅವನ ಫೋನಿನಲ್ಲಿ ಹಾಲಮ್ಮ ಎದ್ದು, ನೀವು ಪೂರ್ಣ ಗುಣಮುಖರಾಗಿದ್ದೀರಿ, ಅಭಿನಂದನೆ ಬಂಗಾರ, ಎಂದಳಂತೆ. ಮುದುಕನ ಹೆಂಡತಿ ಅದನ್ನು ಯಾವ ಕೊಂಕೂ ಇಲ್ಲದೆ ಹೇಳಿದಳು, ಫೋನು ತೋರಿಸಿದಳು. ಆ ಮನೆಯಲ್ಲಿ ಮಾತ್ರ ಹಾಲಮ್ಮ ಮಂಡಕ್ಕಿ ತಿನ್ನಲಿಲ್ಲ. ಅಲ್ಲೇ ಹೊಸಿಲ ಮೇಲೆ ಕೂತು ಅತ್ತಳು.

ಉಳಿದ ಮೂವತ್ನಾಲ್ಕು ಜನರನ್ನೂ ತನ್ನ ಮನೆಯ ವಿಳಾಸಕ್ಕೆ ಬರೆಸಿದಳು.

ಮಂತ್ರಿಗಳು ಬರುವುದಕ್ಕೆ ನಾಲ್ಕು ದಿನವಿದ್ದಾಗ ಕಂಟ್ರೋಲ್ ರೂಮಿನ ಪರದೆಯಲ್ಲಿ ಒಂದು ಕೆಂಪು ಚುಕ್ಕೆ ಹುಟ್ಟಿ, ದಪ್ಪಗಾಗುತ್ತ ಹೋಗಿ, ಹೊಡೆದುಕೊಳ್ಳತೊಡಗಿತು. ಇಡೀ ರಾಜ್ಯದಲ್ಲೇ ಕ್ಷಯ ಅತಿ ದಟ್ಟವಾಗಿರುವ ಜಾಗ ಅದು ಎಂದು ಯಂತ್ರ ಲೆಕ್ಕ ಹಾಕಿ ಹೇಳಿತು. ನಿರಂಜನಮೂರ್ತಿ ಹತ್ತಿರಕ್ಕೆ ಎಳೆದು ನೋಡಿದರೆ ರೈಲ್ವೆ ಗೇಟಿನ ಪಕ್ಕದ ಒಂದು ಮನೆ.

ಹಾಲಮ್ಮನನ್ನು ಕರೆಸಿದರು.

“ನಿಮ್ಮ ಮನೇಲಿ ಮೂವತ್ನಾಲ್ಕು ಜನ ಟಿಬಿ ರೋಗಿಗಳಿದ್ದಾರಾ?”

“ಅದಾರೆ ಸಾ. ಸ್ವಲ್ಪ ಇಕ್ಕಟ್ಟು.”

“ತಮಾಷೆ ಮಾಡ್ತಿದೀರಾ? ಇವರೆಲ್ಲ ಭಟ್ಟಿಪೇಟೆಯವರು.”

“ಭಟ್ಟಿಪೇಟೆಯಾಗೆ ರೋಗ ಇಲ್ಲ ಅಂತ ನೀವೇ ಬರ್ದಿದೀರಲ್ಲ ಸಾ. ಅವರು ಅಲ್ಲಿಯೋರು ಅಂತ ಬರ್ಕೊಡ್ರಿ, ಇವತ್ತೇ ನಮ್ಮನೆ ಖಾಲಿ ಮಾಡಿಸ್ತೀನಿ.”

ನಿರಂಜನಮೂರ್ತಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇಂಚರ ತನ್ನ ಪರದೆಯನ್ನೇ ನೋಡುತ್ತಿದ್ದಳು. ಭಟ್ಟಿಪೇಟೆಯವರು ಎಂದರೆ ಹಸಿರು ಹೋಗುತ್ತದೆ, ಮಂತ್ರಿ ಬರುವುದಿಲ್ಲ. ಅಲ್ಲ ಎಂದರೆ ಆಪ್ತಮುಖದ ಮೂಲಮುಖ ಇರುವ ಮನೆಯೇ ರೋಗದ ಗೂಡು. ಆ ಮುಖ ಒಂಬತ್ತು ಸಾವಿರ ಫೋನಿನಲ್ಲಿ ಆರೋಗ್ಯ ಬೋಧಿಸುವುದು ಹೇಗೆ? ಹಲ್ಲಿ ನುಂಗಿದ ಬೆಕ್ಕು ಕೂಡ ಅಷ್ಟು ಹೊತ್ತು ಯೋಚಿಸುವುದಿಲ್ಲ. ಕೊನೆಗೆ ಅವರು ತಮ್ಮ ಯೋಗ್ಯತೆಗೆ ತಕ್ಕದ್ದನ್ನೇ ಆರಿಸಿದರು. ಅಂದು ಸಂಜೆ ಒಂಬತ್ತು ಸಾವಿರ ಹಾಲಮ್ಮಂದಿರನ್ನು ಅಳಿಸಿ, ಅವರ ಜಾಗದಲ್ಲಿ ಒಬ್ಬ ಸಿನಿಮಾ ನಟನನ್ನು ಕೂರಿಸಿದರು. ಅವನು ನಾಲಿಗೆ ಕೇಳಿದ. ಮಂತ್ರಿಗಳು ಬಂದರು, ಭಟ್ಟಿಪೇಟೆ ಕ್ಷಯಮುಕ್ತವಾಯಿತು, ಹಾರ ಬಿದ್ದವು, ಫೋಟೊ ಬಂದವು. ಇಲಾಖೆಯ ಗೌರವಕ್ಕೆ ಕುಂದು ತಂದದ್ದಕ್ಕಾಗಿ ಹಾಲಮ್ಮನನ್ನು ಕಂಟ್ರೋಲ್ ರೂಮಿನಿಂದ ಕಿತ್ತು, ಶಿಕ್ಷೆಯೆಂದು, ಬಿಸಿಲಲ್ಲಿ ಮನೆಮನೆ ಅಲೆದು ಗುಳಿಗೆ ಹಂಚುವ ಕೆಲಸಕ್ಕೆ ಹಾಕಿದರು.

ಆ ಆದೇಶವನ್ನು ಅವಳು ಎರಡು ಸಲ ಓದಿದಳು. ಆಮೇಲೆ ಮಡಿಚಿ, ಚೀಲದಲ್ಲಿ ಗುಳಿಗೆಗಳ ಕೆಳಗೆ ಇಟ್ಟುಕೊಂಡು ಗೇಟು ದಾಟಿದಳು.

ಆರನೇ ಓಣಿಯಲ್ಲಿ ಮೈರುನ್ ಇನ್ನೂ ಭಟ್ಟಿಗೆ ಹೋಗುವಷ್ಟು ಗಟ್ಟಿಯಾಗಿರಲಿಲ್ಲ, ಆದರೆ ಬಳೆ ಮಣಿಕಟ್ಟಿನ ಹತ್ತಿರ ನಿಲ್ಲತೊಡಗಿತ್ತು. ಬೆಳಿಗ್ಗೆಯೇ ಗುಳಿಗೆ ಹಿಡಿದು ಬಾಗಿಲಲ್ಲಿ ಕೂತಿರುತ್ತಿದ್ದಳು. ನುಂಗಿದಳು, ನಾಲಿಗೆ ತೋರಿಸಿದಳು, ಎತ್ತಿ ತೋರಿಸಿದಳು. ಮಕ್ಕಳ ಗುಳಿಗೆ ಆಸ್ಪತ್ರೆಗೆ ಬರುವುದು ತಡವಾಗಿದ್ದರಿಂದ ಅಫ್ರೀನ್‌ಗೆ ಅವತ್ತು ಮೊದಲ ಗುಳಿಗೆ. ಹಾಲಮ್ಮ ಅದನ್ನು ಅಂಗೈ ಮೇಲಿಟ್ಟ ಕೂಡಲೇ ಮಗು ಗುಳಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಮುಖ ಎತ್ತಿ, ಉದ್ದಕ್ಕೆ ನಾಲಿಗೆ ಚಾಚಿತು. ಹಾಗೇ ಕಾಯುತ್ತ ನಿಂತಿತು.

“ಏನೇ ಅದು?”

“ಚಪ್ಪಾಳೆ?” ಎಂದಿತು ಮಗು, ನಾಲಿಗೆ ಒಳಗೆಳೆದುಕೊಳ್ಳದೆಯೇ.

ಮೈರುನ್ ಮುಖ ಮುಚ್ಚಿಕೊಂಡಳು. ಹಾಲಮ್ಮ ಮಂಡಿ ಹಿಡಿದುಕೊಂಡು ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತಳು, ಮುಷ್ಟಿ ಬಿಡಿಸಿದಳು.

“ಮೊದ್ಲು ನುಂಗು. ನಾಲಿಗೆ ಆಮ್ಯಾಲೆ.”

ಅಫ್ರೀನ್ ನುಂಗಿತು, ನೀರು ಕುಡಿಯಿತು, ಮುಖ ಕಿವುಚಿತು. ಚಪ್ಪಾಳೆ ಬೀಳಲಿಲ್ಲ. ನಕ್ಷತ್ರ ಬರುತ್ತವೋ ಎಂದು ಹಾಲಮ್ಮನ ಮುಖವನ್ನೇ, ಅದರ ಮಚ್ಚೆಯನ್ನೇ ಸ್ವಲ್ಪ ಹೊತ್ತು ನೋಡಿತು.

“ಉಚ್ಚೆ ಕೇಸರಿ ಆಗ್ತದೆ, ಆದಾಗ ನಂಗೆ ಬಂದು ಹೇಳ್ಬೇಕು,” ಎಂದಳು ಹಾಲಮ್ಮ. ಮಗು ನಂಬಲಿಲ್ಲ. ಹಾಲಮ್ಮ ಒಂದು ಹಿಡಿ ಮಂಡಕ್ಕಿ ತಿಂದು ಮುಂದಿನ ಮನೆಗೆ ಹೋದಳು.

ಮಧ್ಯಾಹ್ನ ಅವಳು ಓಣಿಯ ಕೊನೆಯ ಮನೆಯಲ್ಲಿ ಯಾರಿಗೋ ಬೈಯುತ್ತಿದ್ದಾಗ ಹಿಂದಿನಿಂದ ಪುಟ್ಟ ಕಾಲಿನ ಸದ್ದು ಕೇಳಿತು. ಅಫ್ರೀನ್ ಲಂಗ ಎತ್ತಿ ಹಿಡಿದುಕೊಂಡು ಇಡೀ ಓಣಿಗೆ ಕೇಳುವ ಹಾಗೆ ಕೂಗುತ್ತ ಓಡಿ ಬರುತ್ತಿತ್ತು.

“ಹಾಲಮ್ಮಾ, ಕೇಸರಿ ಬಂತು. ನಂದೂ ಕೇಸರಿ.”